ಮೈದಾನ ಖಾಲಿ ಇದ್ದಾಗ ನಡೆಯುವ ಆಟ

ಮಿನಿಯಾಪೋಲಿಸ್‌ನಲ್ಲಿರುವ ಮಗನ ಮನೆಗೆ ನಾನು ಮೊದಲ ಸಲ ಹೋದದ್ದು ಒಂದು ಮಾರ್ಚ್ ತಿಂಗಳಲ್ಲಿ. ಮುಂಬಯಿಯಲ್ಲಿ ಆಗಲೇ ಫ್ಯಾನು ಐದಕ್ಕೆ ಏರಿಸುವ ಸೆಕೆ, ಅಲ್ಲಿ ನೋಡಿದರೆ ಬಾಗಿಲ ಹೊರಗೆ ಮೊಣಕಾಲೆತ್ತರ ಹಿಮ. ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಟಿವಿಯೇ ಗತಿ. ಮಗ ಒಂದು ಸಂಜೆ ಚಾನೆಲ್ ಹಾಕಿದ. ಸೂಟು ಬೂಟಿನ ನಾಲ್ಕು ಜನ ಮೇಜಿನ ಸುತ್ತ ಕೂತು ಕಿರುಚುತ್ತಿದ್ದಾರೆ. ಕೆಳಗೆ ಹೆಸರುಗಳು, ಪಕ್ಕದಲ್ಲಿ ಡಾಲರಿನ ಅಂಕಿಗಳು ಓಡುತ್ತಿವೆ.

“ಇದೆಂತದೋ, ಶೇರು ಬಜಾರಾ?” ಅಂದೆ.

“ಅಲ್ಲಪ್ಪ, ಫುಟ್ಬಾಲ್.”

“ಮತ್ತೆ ಚೆಂಡು ಎಲ್ಲಿ?”

“ಚೆಂಡು ಸೆಪ್ಟೆಂಬರ್‌ನಲ್ಲಿ ಬರತ್ತೆ. ಈಗ ಲೆಕ್ಕದ ಸೀಸನ್” ಅಂದ.

ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ತಿರುವಿದವನು ನಾನು. ‘ಲೆಕ್ಕ’ ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಆಟ ಇವತ್ತಿಗೂ ನನಗೆ ಪೂರ್ತಿ ಅರ್ಥವಾಗಿಲ್ಲ ಬಿಡಿ. ಮೊಟ್ಟೆಯಾಕಾರದ ಚೆಂಡು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ, ಆದರೂ ಹೆಸರು ಫುಟ್ಬಾಲ್! ಆದರೆ ಅದರ ಸಂಬಳದ ಲೆಕ್ಕದ ಹಿಂದಿನ ಚರಿತ್ರೆಯನ್ನು ಆ ಚಳಿಗಾಲದಲ್ಲಿ ಕೂತು ಓದಿದೆ. ಓದುತ್ತಾ ಹೋದ ಹಾಗೆ ನನ್ನದೇ ಹಳೆಯ ಕತೆಯೊಂದು ನೆನಪಾಗತೊಡಗಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕುಂದಾಪುರದ ಕಡೆಯಿಂದ ಬಂದು ಮುಂಬಯಿ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ನಾನು ಕ್ಲೀನರ್ ಹುಡುಗನಾಗಿ ಸೇರಿದಾಗ ನನಗೆ ಹದಿನಾಲ್ಕು ವರ್ಷ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ. ಮೊದಲ ಎರಡು ತಿಂಗಳ ಸಂಬಳವನ್ನು ಧಣಿಗಳು ಗಲ್ಲಾಪೆಟ್ಟಿಗೆಯಲ್ಲೇ ಹಿಡಿದಿಟ್ಟುಕೊಂಡಿದ್ದರು. ಹುಡುಗ ಬಿಟ್ಟು ಓಡಬಾರದಲ್ಲ, ಅದಕ್ಕೆ. ಎದುರಿನ ಹೋಟೆಲಿನಲ್ಲಿ ತಿಂಗಳಿಗೆ ಹದಿನೈದು ರೂಪಾಯಿ ಜಾಸ್ತಿ ಕೊಡುತ್ತಾರೆಂದು ತಿಳಿದು ನಾನು ಹೋಗುತ್ತೇನೆ ಅಂದಾಗ ಅವರು ಬೈಯಲಿಲ್ಲ, ನಕ್ಕರು. “ನೀ ಬಿಟ್ ಹೋರೂ ಈ ಗಲ್ಲಿಯಂಗೆ ನಿನ್ನ ಯಾರೂ ಇಟ್ಕಂಬುದಿಲ್ಲ ಮಾಣಿ” ಅಂದರು. ಅದು ನಿಜವಾಗಿತ್ತು. ಒಬ್ಬರ ಹುಡುಗನನ್ನು ಇನ್ನೊಬ್ಬರು ಕರೆಯುವುದಿಲ್ಲವೆಂದು ಆ ಗಲ್ಲಿಯ ಧಣಿಗಳಲ್ಲಿ ಬಾಯಿಮಾತಿನ ಒಪ್ಪಂದ ಇತ್ತು. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದರೆ ಬರೆದದ್ದಕ್ಕಿಂತ ಗಟ್ಟಿ.

ಈಗ ಅಮೆರಿಕಕ್ಕೆ ಬನ್ನಿ.

ಅಲ್ಲಿನ ವೃತ್ತಿಪರ ಫುಟ್ಬಾಲ್ ಸಂಘಟನೆ ಹುಟ್ಟಿದ್ದು 1920ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ಒಂದು ಕಾರು ಮಾರುವ ಅಂಗಡಿಯಲ್ಲಿ. 1922ರಲ್ಲಿ ಅದಕ್ಕೆ ನ್ಯಾಷನಲ್ ಫುಟ್ಬಾಲ್ ಲೀಗ್, ಅಂದರೆ ಎನ್ಎಫ್ಎಲ್, ಎಂಬ ಹೆಸರು ಬಂತು. ಆಟಗಾರರು ಹೆಚ್ಚು ದುಡ್ಡು ಕೊಡುವವರ ಹಿಂದೆ ಹೋಗುವುದನ್ನು ತಡೆಯುವುದು ತಂಡದ ಮಾಲೀಕರಿಗೆ ಮೊದಲ ದಿನದಿಂದಲೂ ಇದ್ದ ಚಿಂತೆ. 1936ರಲ್ಲಿ ಅವರು ‘ಡ್ರಾಫ್ಟ್’ ಪದ್ಧತಿ ತಂದರು. ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಹೆಸರು ಕರೆದು ತಮ್ಮದಾಗಿಸಿಕೊಳ್ಳುವುದು, ಹಿಂದಿನ ವರ್ಷ ಕೊನೆಗೆ ಬಂದವರಿಗೆ ಮೊದಲ ಸರದಿ. ದುರ್ಬಲರಿಗೆ ಬಲ ಬರಲಿ ಎನ್ನುವುದು ನ್ಯಾಯವೇ. ಆದರೆ ಹುಡುಗನ ಕಡೆಯಿಂದ ನೋಡಿ. ಅವನು ಯಾವ ಊರಿಗೆ ಹೋಗಬೇಕೆನ್ನುವುದು ಅವನ ಕೈಯಲ್ಲಿಲ್ಲ, ಬೇರೆಯವರ ಜೊತೆ ಚೌಕಾಸಿ ಮಾಡುವ ಹಾಗೂ ಇಲ್ಲ. ಮೊಟ್ಟಮೊದಲು ಹೆಸರು ಕರೆಸಿಕೊಂಡ ಜೇ ಬರ್ವಾಂಗರ್ ವೃತ್ತಿಪರ ಫುಟ್ಬಾಲನ್ನು ಆಡಲೇ ಇಲ್ಲ, ಬೇರೆ ಕೆಲಸ ನೋಡಿಕೊಂಡ.

ಹತ್ತು ವರ್ಷದ ನಂತರದ ಒಂದು ಕತೆ ಕೇಳಿ. ಬಿಲ್ ರಾಡೊವಿಚ್ ಎನ್ನುವವನು ಡೆಟ್ರಾಯಿಟ್ ತಂಡದ ಆಟಗಾರ. ಅವನ ತಂದೆ ಕ್ಯಾಲಿಫೋರ್ನಿಯಾದಲ್ಲಿ ಕಾಯಿಲೆ ಮಲಗಿದ್ದರು. ಆ ಕಡೆಯ ತಂಡಕ್ಕೆ ವರ್ಗ ಮಾಡಿಕೊಡಿ ಅಂತ ಮಾಲೀಕರನ್ನು ಕೇಳಿದ. ಆಗುವುದಿಲ್ಲ ಅಂದರು. 1946ರಲ್ಲಿ ಅವನು ಸಿಟ್ಟಿನಿಂದ ಪ್ರತಿಸ್ಪರ್ಧಿ ಲೀಗಿನ ಲಾಸ್ ಏಂಜಲೀಸ್ ತಂಡಕ್ಕೆ ಹೋದ. ಎನ್ಎಫ್ಎಲ್ ಅವನ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿತು. ಮುಂದೆ ಒಂದು ಸಣ್ಣ ತಂಡದಲ್ಲಿ ಕೆಲಸ ಸಿಗುವುದಿತ್ತು, ಅವನನ್ನು ತೆಗೆದುಕೊಂಡರೆ ಜೋಕೆ ಎಂಬ ಮಾತು ಅಲ್ಲಿಗೂ ಹೋಯಿತು, ಅದೂ ತಪ್ಪಿತು. ಮನುಷ್ಯ ಕೋರ್ಟಿಗೆ ಹೋದ. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಪರವಾಗಿ ಹೇಳಿತು: ಫುಟ್ಬಾಲ್ ಕೂಡ ವ್ಯಾಪಾರವೇ, ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಪೈಪೋಟಿ ಕೊಲ್ಲಬಾರದೆಂಬ ಕಾನೂನು ಅದಕ್ಕೂ ಅನ್ವಯ. ಬೇಸ್‌ಬಾಲ್‌ಗೆ 1922ರಲ್ಲಿ ಸಿಕ್ಕಿದ್ದ ವಿನಾಯಿತಿ ಫುಟ್ಬಾಲಿಗೆ ಸಿಗಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಬೀಜ ಇದೇ.

ಅದಕ್ಕೆ ಒಂದು ವರ್ಷ ಮೊದಲು, 1956ರಲ್ಲಿ, ಆಟಗಾರರು ಸಂಘ ಕಟ್ಟಿದ್ದರು. ಅವರ ಮೊದಲ ಬೇಡಿಕೆಗಳನ್ನು ಓದಿದರೆ ಈಗಿನವರಿಗೆ ನಗು ಬರಬಹುದು. ವರ್ಷಕ್ಕೆ ಕನಿಷ್ಠ 5,000 ಡಾಲರ್ ಸಂಬಳ, ಪೆಟ್ಟು ಬಿದ್ದು ಮಲಗಿದಾಗಲೂ ಸಂಬಳ, ಆಡುವ ಸಾಮಾನಿನ ಖರ್ಚು ತಂಡದ್ದು. ಇಷ್ಟೇ! ಸೀಸನ್ನಿಗೆ ಮೊದಲಿನ ಅಭ್ಯಾಸ ಪಂದ್ಯಗಳಿಗೆ ಆಗ ಸಂಬಳವೇ ಇರಲಿಲ್ಲ. ಬೇಸಿಗೆಯಲ್ಲಿ ಬೇರೆ ನೌಕರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಆಟಗಾರರು ಎಷ್ಟೋ ಜನ.

ಕರಾರು ಮುಗಿದ ಮೇಲೆ ಒಂದು ಹೆಚ್ಚುವರಿ ವರ್ಷ ಅದೇ ತಂಡಕ್ಕೆ ಆಡಿದರೆ ಆಟಗಾರ ಸ್ವತಂತ್ರ ಎಂಬ ಷರತ್ತು ಕಾಗದದ ಮೇಲೆ ಇತ್ತು. 1962ರಲ್ಲಿ ಆರ್.ಸಿ. ಓವೆನ್ಸ್ ಎಂಬಾತ ಅದನ್ನೇ ನೆಚ್ಚಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಬಾಲ್ಟಿಮೋರ್‌ಗೆ ಹೋದ. ಮಾಲೀಕರಿಗೆ ದಿಗಿಲಾಯಿತು. 1963ರಲ್ಲಿ ಹೊಸ ನಿಯಮ ಬಂತು: ಹೀಗೆ ಹೋದವನನ್ನು ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರವಾಗಿ ತನ್ನ ಆಟಗಾರರನ್ನೋ ಡ್ರಾಫ್ಟಿನ ಸರದಿಯನ್ನೋ ಕೊಡಬೇಕು. ಅವರಿಬ್ಬರಲ್ಲಿ ಒಮ್ಮತ ಬಾರದಿದ್ದರೆ ಎಷ್ಟು ಕೊಡಬೇಕೆಂದು ಲೀಗಿನ ಕಮಿಷನರ್ ಪೀಟ್ ರೋಜೆಲ್ ತೀರ್ಮಾನಿಸುತ್ತಾರೆ. ಬಿಲ್ಲು ಎಷ್ಟಾಗುತ್ತದೆಂದು ಗೊತ್ತಿಲ್ಲದೆ ಹೋಟೆಲಿನಲ್ಲಿ ಯಾರಾದರೂ ಊಟಕ್ಕೆ ಕೂರುತ್ತಾರಾ? ಕೂರಲಿಲ್ಲ. ಆಟಗಾರ ಹೆಸರಿಗೆ ಸ್ವತಂತ್ರ, ಕರೆಯುವವರು ಮಾತ್ರ ಇಲ್ಲ. ನಮ್ಮ ಗಲ್ಲಿಯ ಒಪ್ಪಂದ ನೆನಪಾಯಿತಲ್ಲ ನಿಮಗೆ?

ಇದನ್ನು ಮುರಿದವನು ಜಾನ್ ಮ್ಯಾಕಿ. ಬಾಲ್ಟಿಮೋರ್ ತಂಡದ 88ನೇ ನಂಬರಿನ ಅಂಗಿ ತೊಟ್ಟ ದೊಡ್ಡ ಆಟಗಾರ, 1970ರಿಂದ ಸಂಘದ ಅಧ್ಯಕ್ಷ. ಅವನ ಹೆಸರಿನಲ್ಲಿ ಹೂಡಿದ ದಾವೆ ಮಿನೆಸೋಟಾದ ಫೆಡರಲ್ ಕೋರ್ಟಿನಲ್ಲಿ ನಡೆದು, 1976ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ರೋಜೆಲ್ ನಿಯಮ ಕಾನೂನುಬಾಹಿರ ಅಂತಾಯಿತು. ಆದರೆ ನೋಡಿ ವಿಚಿತ್ರ, 1977ರ ಒಪ್ಪಂದದಲ್ಲಿ ಸಂಘ ಬೇರೆ ಕೆಲವು ಸೌಲಭ್ಯಗಳಿಗಾಗಿ ಮತ್ತೊಂದು ಬಗೆಯ ಪರಿಹಾರ ಪದ್ಧತಿಗೆ ಒಪ್ಪಿತು. ಈ ಸಲ ದರ ಮೊದಲೇ ಬರೆದಿಟ್ಟಿತ್ತು ನಿಜ, ಆದರೆ ಅದು ಎಷ್ಟು ದುಬಾರಿಯೆಂದರೆ ಮತ್ತೆ ಯಾರೂ ಯಾರನ್ನೂ ಕರೆಯಲಿಲ್ಲ. ಕೋರ್ಟಿನಲ್ಲಿ ಗೆದ್ದದ್ದು ಮೇಜಿನ ಮುಂದೆ ಸೋತು ಹೋಯಿತು.

1982 ಎಂದರೆ ಮುಂಬಯಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಗಿರಣಿ ಮುಷ್ಕರ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಫುಟ್ಬಾಲ್ ಆಟಗಾರರೂ ಮುಷ್ಕರ ಹೂಡಿದರು. ಲೀಗಿನ ಒಟ್ಟು ಆದಾಯದಲ್ಲಿ ಶೇಕಡಾ 55 ನಮಗೆ ಕೊಡಿ ಎನ್ನುವುದು ಅವರ ಬೇಡಿಕೆ. 57 ದಿನ ನಡೆದು, ಆ ವರ್ಷ ಪ್ರತಿ ತಂಡಕ್ಕೆ 16ರ ಬದಲು 9 ಪಂದ್ಯ ಉಳಿಯಿತು. ಆ 55 ಸಿಗಲಿಲ್ಲ. 1987ರಲ್ಲಿ ಮತ್ತೆ ಮುಷ್ಕರ. ಈ ಸಲ ಮಾಲೀಕರು ಬೀದಿಯಲ್ಲಿದ್ದವರನ್ನೆಲ್ಲ ಹುಡುಕಿ ತಂದು ಅಂಗಿ ತೊಡಿಸಿ ಮೂರು ವಾರ ಪಂದ್ಯ ನಡೆಸಿಯೇಬಿಟ್ಟರು. ಟಿವಿಯಲ್ಲೂ ಬಂತು. 24 ದಿನಕ್ಕೆ ಆಟಗಾರರು ತಲೆ ತಗ್ಗಿಸಿ ವಾಪಸು ಬಂದರು.

ಆಗರ್ಭ ಶ್ರೀಮಂತ ಆಟಗಾರರಿಗೂ ಗಿರಣಗಾವಿನ ಕಾರ್ಮಿಕನಿಗೂ ಎಲ್ಲಿಯ ಹೋಲಿಕೆ ಎಂದು ನೀವು ಕೇಳಬಹುದು. ಹೊಟ್ಟೆಪಾಡಿನ ವಿಷಯದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಆದರೆ ಈ ಆಟಗಾರನ ದುಡಿಮೆಯ ಆಯುಸ್ಸು ಸಂಘದ ಲೆಕ್ಕದಲ್ಲಿ ಸರಾಸರಿ ಮೂರು ಚಿಲ್ಲರೆ ವರ್ಷ. ಮೊಣಕಾಲು ಮುರಿದರೆ ಮುಗಿಯಿತು. ಅಷ್ಟರೊಳಗೆ ತನ್ನ ಬೆಲೆ ಎಷ್ಟೆಂದು ನಾಲ್ಕು ಕಡೆ ಕೇಳುವ ಹಕ್ಕೂ ಇಲ್ಲದಿದ್ದರೆ?

ಮುಷ್ಕರದಲ್ಲಿ ಸೋತ ಸಂಘದ ಮುಖ್ಯಸ್ಥ ಜೀನ್ ಅಪ್‌ಶಾ ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಸಂಘ ಇರುವ ತನಕ ಇದು ಕಾರ್ಮಿಕ ವಿವಾದ, ಪೈಪೋಟಿಯ ಕಾನೂನು ಇಲ್ಲಿ ನಡೆಯುವುದಿಲ್ಲ ಅಂತ ಮೇಲ್ಮನವಿ ಕೋರ್ಟು 1989ರಲ್ಲಿ ಹೇಳಿತು. ಹಾಗಾದರೆ ಸಂಘವೇ ಬೇಡ ಅಂದ ಅಪ್‌ಶಾ! ಆಟಗಾರರ ಪರವಾಗಿ ಚೌಕಾಸಿ ಮಾಡುವ ಅಧಿಕಾರವನ್ನು ಸಂಘ ತಾನಾಗಿಯೇ ಬಿಟ್ಟುಕೊಟ್ಟಿತು. ಈಗ ಆಟಗಾರರು ಒಬ್ಬೊಬ್ಬರಾಗಿ ಕೋರ್ಟಿಗೆ ಹೋಗಬಹುದು. ಆ ಹೊತ್ತಿಗೆ ಮಾಲೀಕರು ‘ಪ್ಲಾನ್ ಬಿ’ ಅಂತ ಒಂದನ್ನು ತಂದಿದ್ದರು. ಪ್ರತಿ ತಂಡ ತನಗೆ ಬೇಕಾದ 37 ಜನರನ್ನು ಕಟ್ಟಿಟ್ಟುಕೊಂಡು ಉಳಿದವರನ್ನು ಸ್ವತಂತ್ರ ಬಿಡುವುದು. ಅಂದರೆ ಬೇಡಿಕೆ ಇದ್ದವನಿಗೆ ಬಿಡುಗಡೆ ಇಲ್ಲ, ಬಿಡುಗಡೆಯಾದವನಿಗೆ ಬೇಡಿಕೆ ಇಲ್ಲ.

ನ್ಯೂಯಾರ್ಕ್ ಜೆಟ್ಸ್ ತಂಡದ ಫ್ರೀಮನ್ ಮೆಕ್‌ನೀಲ್ ಮತ್ತು ಇತರ ಏಳು ಜನ ಇದರ ವಿರುದ್ಧ ನಿಂತರು. 1992ರ ಸೆಪ್ಟೆಂಬರಿನಲ್ಲಿ, ನನ್ನ ಮಗನಿರುವ ಅದೇ ಮಿನಿಯಾಪೋಲಿಸ್‌ನಲ್ಲಿ, ನ್ಯಾಯಾಧೀಶ ಡೇವಿಡ್ ಡೋಟಿಯವರ ಕೋರ್ಟಿನಲ್ಲಿ ಜ್ಯೂರಿ ಪ್ಲಾನ್ ಬಿ ತಪ್ಪು ಅಂದಿತು. ಎಂಟು ಜನರಲ್ಲಿ ನಾಲ್ವರಿಗೆ ನಷ್ಟಪರಿಹಾರ ಸಿಕ್ಕಿತು. ಮೊಕದ್ದಮೆಗೆ ಹೆಸರು ಕೊಟ್ಟ ಮೆಕ್‌ನೀಲ್‌ಗೆ ಒಂದು ಡಾಲರೂ ಸಿಗಲಿಲ್ಲ. ಬಾವಿ ತೋಡಿದವನೊಬ್ಬ, ನೀರು ಕುಡಿದವರು ಬೇರೆಯವರು!

ಇನ್ನು ಒಂದೊಂದೇ ದಾವೆ ಸೋಲುವುದಕ್ಕಿಂತ ರಾಜಿಯೇ ಲೇಸೆಂದು ಮಾಲೀಕರಿಗೆ ಅನಿಸಿತು. 1993ರಲ್ಲಿ ಒಪ್ಪಂದವಾಯಿತು. ನಿಗದಿತ ವರ್ಷ ಆಡಿ ಕರಾರು ಮುಗಿಸಿದ ಆಟಗಾರ ಇನ್ನು ನಿಜವಾಗಿ ಸ್ವತಂತ್ರ. ಅದಕ್ಕೆ ಪ್ರತಿಯಾಗಿ ಮಾಲೀಕರಿಗೆ ಸಿಕ್ಕಿದ್ದು ‘ಸ್ಯಾಲರಿ ಕ್ಯಾಪ್’, ಅಂದರೆ ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಮಾಡಬಹುದಾದ ಖರ್ಚಿಗೆ ಮೇಲ್ಮಿತಿ. 1994ರಲ್ಲಿ ಜಾರಿಗೆ ಬಂದಾಗ ಅದು 3 ಕೋಟಿ 46 ಲಕ್ಷ ಡಾಲರ್. 2025ರಲ್ಲಿ 27 ಕೋಟಿ 92 ಲಕ್ಷ ಡಾಲರ್. ಲೀಗಿನ ಆದಾಯ ಏರಿದ ಹಾಗೆ ಮಿತಿಯೂ ಏರುತ್ತದೆ. ಕೋವಿಡ್ ಹೊಡೆತಕ್ಕೆ 2021ರಲ್ಲಿ ಒಮ್ಮೆ ಇಳಿದದ್ದೂ ಉಂಟು, 19.82 ಕೋಟಿಯಿಂದ 18.25 ಕೋಟಿಗೆ.

ಸ್ವಾತಂತ್ರ್ಯ ಬಂದರೆ ಒಳ್ಳೆಯ ಆಟಗಾರರೆಲ್ಲ ನ್ಯೂಯಾರ್ಕು, ಲಾಸ್ ಏಂಜಲೀಸಿಗೇ ಹೋಗುತ್ತಾರೆ, ಸಣ್ಣ ಊರಿನ ತಂಡಗಳು ಮುಳುಗುತ್ತವೆ ಎನ್ನುವುದು ಮಾಲೀಕರ ಹಳೆಯ ವಾದ. ಆಗಿದ್ದೇನು? ಹೊಸ ಒಪ್ಪಂದದ ಮೊದಲ ದೊಡ್ಡ ಸ್ವತಂತ್ರ ಆಟಗಾರ ರೆಜ್ಜಿ ವೈಟ್. ಎಷ್ಟೋ ಊರು ಸುತ್ತಿ ನೋಡಿ, 1993ರ ಏಪ್ರಿಲಿನಲ್ಲಿ ಅವನು ಆರಿಸಿಕೊಂಡದ್ದು ಗ್ರೀನ್ ಬೇ ಎಂಬ ಚಳಿಯೂರನ್ನು. ಲಕ್ಷದಷ್ಟೇ ಜನಸಂಖ್ಯೆ, ತಂಡಕ್ಕೆ ಒಬ್ಬ ಧಣಿಯಿಲ್ಲ, ಊರ ಜನರೇ ಶೇರುದಾರರು. ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರಿನ ಕರಾರು. 1997ರ ಜನವರಿಯಲ್ಲಿ ಗ್ರೀನ್ ಬೇ ಸೂಪರ್ ಬೌಲ್ ಗೆದ್ದಿತು. ಟಿವಿ ಹಕ್ಕಿನ ಹಣವನ್ನು ತಂಡಗಳೆಲ್ಲ ಸಮನಾಗಿ ಹಂಚಿಕೊಳ್ಳುವ ಪದ್ಧತಿ 1960ರ ದಶಕದಿಂದಲೇ ಇತ್ತು, ಅದಿಲ್ಲದಿದ್ದರೆ ಈ ಸಣ್ಣ ಊರು ಅಷ್ಟು ಹಣ ತರುತ್ತಿದ್ದುದಾದರೂ ಎಲ್ಲಿಂದ?

ಹೀಗೆ ಹುಟ್ಟಿತು ಚೆಂಡಿಲ್ಲದ ತಿಂಗಳುಗಳ ಈ ಆಟ. ಮಾರ್ಚ್ ನಡುವಿನಲ್ಲಿ ಒಂದು ದಿನ, ನ್ಯೂಯಾರ್ಕ್ ಸಮಯ ಸಂಜೆ ನಾಲ್ಕಕ್ಕೆ ಹೊಸ ವರ್ಷ ಶುರು. ಆ ಗಳಿಗೆಗೆ 32 ತಂಡಗಳೂ ಮಿತಿಯೊಳಗೆ ಬಂದಿರಬೇಕು. ಮಾರ್ಚ್ 31ರ ರಾತ್ರಿ ಬ್ಯಾಂಕಿನಲ್ಲಿ ಕೂತು ಲೆಕ್ಕ ಮುಗಿಸಿದವರಿಗೆ ಆ ಬಿಸಿ ಗೊತ್ತು.

ಕೈಚಳಕ ಇರುವುದು ಇಲ್ಲಿ. ಆಟಗಾರ ಸಹಿ ಹಾಕಿದಾಗ ಕೊಡುವ ಮುಂಗಡ ಬೋನಸ್ ಪೂರ್ತಿ ಅವನ ಕೈಗೆ ಹೋದರೂ, ಲೆಕ್ಕದಲ್ಲಿ ಅದನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯಬಹುದು. ನಾವು ಯಂತ್ರದ ಬೆಲೆಯನ್ನು ಸವಕಳಿಯಾಗಿ ವರ್ಷ ವರ್ಷ ಬರೆಯುತ್ತೇವಲ್ಲ, ಥೇಟ್ ಹಾಗೆ. ಇದನ್ನು ಮೊದಲು ದೊಡ್ಡದಾಗಿ ಬಳಸಿದ್ದು ಡಲ್ಲಾಸ್. 1995ರಲ್ಲಿ ಡಿಯಾನ್ ಸ್ಯಾಂಡರ್ಸ್‌ಗೆ ಏಳು ವರ್ಷಕ್ಕೆ 3.5 ಕೋಟಿ ಡಾಲರಿನ ಕರಾರು, ಅದರಲ್ಲಿ ಸುಮಾರು 1.3 ಕೋಟಿ ಮುಂಗಡ ಬೋನಸ್, ಮೊದಲ ಕೆಲವು ವರ್ಷ ಹೆಸರಿಗೆ ಮಾತ್ರ ಸಂಬಳ. ಬೋನಸನ್ನು ಏಳರಿಂದ ಭಾಗಿಸಿದರೆ ವರ್ಷಕ್ಕೆ 18 ಲಕ್ಷ ಚಿಲ್ಲರೆ. ಡಲ್ಲಾಸ್ ಆ ಸಲವೇ ಸೂಪರ್ ಬೌಲ್ ಗೆದ್ದಿತು. ಲೀಗು ಎಚ್ಚೆತ್ತು ನಿಯಮ ಬಿಗಿ ಮಾಡಿತು. ಈಗ ಹೆಚ್ಚೆಂದರೆ ಐದು ವರ್ಷಕ್ಕೆ ಹಂಚಬಹುದು.

ಆದರೆ ಮುಂದೂಡಿದ ಸಾಲ ತೀರಿದ ಸಾಲವಲ್ಲ. ಆಟಗಾರನನ್ನು ನಡುವೆಯೇ ಬಿಟ್ಟರೆ ಇನ್ನೂ ಬರೆಯದೆ ಉಳಿದ ಬೋನಸೆಲ್ಲ ಒಮ್ಮೆಗೇ ತಲೆ ಮೇಲೆ ಬರುತ್ತದೆ. ಜೂನ್ 1ರ ನಂತರ ಬಿಟ್ಟರೆ ಎರಡು ವರ್ಷಕ್ಕೆ ಒಡೆಯಬಹುದು, ಅಷ್ಟೇ ರಿಯಾಯಿತಿ. ಆಟಗಾರ ಇಲ್ಲ, ಅವನ ಖರ್ಚು ಇದೆ. ಇದಕ್ಕೆ ಅವರು ‘ಸತ್ತ ದುಡ್ಡು’ ಅನ್ನುತ್ತಾರೆ. ಡಲ್ಲಾಸ್ 2000, 2001, 2002 ಮೂರೂ ವರ್ಷ 16 ಪಂದ್ಯಗಳಲ್ಲಿ 5ನ್ನಷ್ಟೇ ಗೆದ್ದದ್ದಕ್ಕೆ ಹಳೆಯ ಕರಾರುಗಳ ಈ ಸತ್ತ ದುಡ್ಡೂ ಒಂದು ಕಾರಣ. 2024ರಲ್ಲಿ ಡೆನ್ವರ್ ತಂಡ ರಸೆಲ್ ವಿಲ್ಸನ್ ಎಂಬ ಒಬ್ಬನೇ ಆಟಗಾರನನ್ನು ಬಿಟ್ಟದ್ದಕ್ಕೆ ಎರಡು ವರ್ಷದಲ್ಲಿ ಬರೆದುಕೊಂಡ ಸತ್ತ ದುಡ್ಡು 8.5 ಕೋಟಿ ಡಾಲರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ವಸೂಲಾಗದ ಸಾಲ!

ಕಳ್ಳಲೆಕ್ಕ ಬರೆದವರೂ ಇದ್ದಾರೆ. 1996ರಿಂದ 98ರ ನಡುವೆ ಇಬ್ಬರು ತಾರೆಯರಿಗೆ ಕೊಡಬೇಕಾದ ಹಣವನ್ನು ಲೆಕ್ಕದ ಹೊರಗಿಟ್ಟು ಮುಂದೂಡಿದ್ದಕ್ಕೆ ಇದೇ ಡೆನ್ವರ್‌ಗೆ 2004ರಲ್ಲಿ 9.5 ಲಕ್ಷ ಡಾಲರ್ ದಂಡ ಬಿತ್ತು, ಡ್ರಾಫ್ಟಿನ ಒಂದು ಸರದಿಯೂ ಹೋಯಿತು. ಇನ್ನೊಂದು ತಮಾಷೆ ನೋಡಿ. 2010ರಲ್ಲಿ ಒಪ್ಪಂದದ ತಕರಾರಿನಿಂದ ಮಿತಿಯೇ ಇರಲಿಲ್ಲ. ಮಿತಿ ಇಲ್ಲದ ವರ್ಷದಲ್ಲಿ ಧಾರಾಳವಾಗಿ ಬರೆದುಕೊಂಡಿರಿ ಎಂದು 2012ರಲ್ಲಿ ವಾಷಿಂಗ್ಟನ್ ತಂಡಕ್ಕೆ 3.6 ಕೋಟಿ, ಡಲ್ಲಾಸಿಗೆ 1 ಕೋಟಿ ಡಾಲರಿನಷ್ಟು ಮಿತಿ ಕಡಿತ ಮಾಡಿದರು. ಗಲ್ಲಿಯ ಬಾಯಿಮಾತಿನ ಒಪ್ಪಂದ ಪೂರ್ತಿ ಸತ್ತಿರಲಿಲ್ಲವೇನೋ ಎಂದು ಅನುಮಾನ ಬರುತ್ತದಲ್ಲವೇ?

ಈ ಲೆಕ್ಕದ ಬಿಸಿ ಕೊನೆಗೆ ಮುಟ್ಟುವುದು ಆಟಗಾರನಿಗೆ. ಫಿಲ್ ಸಿಮ್ಸ್ ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿ 15 ವರ್ಷ ಕಳೆದವನು, ಸೂಪರ್ ಬೌಲ್ ಗೆಲ್ಲಿಸಿಕೊಟ್ಟವನು. ಮಿತಿ ಬಂದ ಮೊದಲ ವರ್ಷವೇ, 1994ರ ಜೂನಿನಲ್ಲಿ, ಅವನನ್ನು ಕೈಬಿಟ್ಟರು. ಭುಜದ ಶಸ್ತ್ರಚಿಕಿತ್ಸೆ ಆಗಿತ್ತು, ಸಂಬಳ ದೊಡ್ಡದಿತ್ತು. ಪತ್ರಿಕೆಯಲ್ಲಿ ಐದು ವರ್ಷದ ಕೋಟಿ ಕೋಟಿ ಕರಾರು ಅಂತ ಬಂದರೂ ಅದರಲ್ಲಿ ಖಾತ್ರಿ ಇರುವ ಹಣ ಒಂದು ಭಾಗ ಮಾತ್ರ, ಉಳಿದದ್ದು ತಂಡ ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಪ್ರತಿ ತಂಡದಲ್ಲಿ 90 ಜನ ಇರುತ್ತಾರೆ, ಆಗಸ್ಟ್ ಕೊನೆಗೆ 53ಕ್ಕೆ ಇಳಿಸಬೇಕು. ಗುಣಿಸಿ ನೋಡಿದೆ, 32 ತಂಡಗಳಿಂದ 1,184 ಜನ! ಕೆಲವರನ್ನು ಅಭ್ಯಾಸದ ಬಳಗಕ್ಕೆ ಸೇರಿಸಿಕೊಳ್ಳುತ್ತಾರೆ. ಉಳಿದವರು ಪೆಟ್ಟಿಗೆ ಕಟ್ಟಬೇಕು.

ಹಾಗಾದರೆ ಮಿತಿ ಒಳ್ಳೆಯದೋ ಕೆಟ್ಟದ್ದೋ? ನನ್ನ ಮಟ್ಟಿಗೆ ಪ್ರಶ್ನೆ ಮಿತಿಯದ್ದಲ್ಲ, ಅದನ್ನು ಯಾರು ಕೂತು ಬರೆದರು ಎನ್ನುವುದು. ಅಲ್ಲಿ ಮೇಜಿನ ಆ ಕಡೆ ಮಾಲೀಕರು, ಈ ಕಡೆ ಆಟಗಾರರ ಸಂಘ. 2011ರ ಒಪ್ಪಂದದಲ್ಲಿ ಮಿತಿಯ ಶೇಕಡಾ 89ರಷ್ಟಾದರೂ ಖರ್ಚು ಮಾಡಲೇಬೇಕೆಂಬ ಕೆಳಮಿತಿಯನ್ನೂ ಬರೆಸಿಕೊಂಡರು. 2020ರ ಒಪ್ಪಂದದ ಪ್ರಕಾರ ಆದಾಯದಲ್ಲಿ ಆಟಗಾರರ ಪಾಲು ಕನಿಷ್ಠ ಶೇಕಡಾ 48ರ ಸುಮಾರಿಗೆ ಬಂದಿದೆ. 1982ರಲ್ಲಿ ಕೇಳಿದ 55 ಅಲ್ಲ. ಆದರೂ ಪಾಲು ಎಂಬ ಮಾತು ಕಾಗದದ ಮೇಲೆ ಇದೆ. ನಮ್ಮ ಐಪಿಎಲ್‌ನಲ್ಲೂ 2008ರ ಮೊದಲ ಹರಾಜಿನಿಂದಲೇ ಮಿತಿ ಉಂಟು. ಆಗ ತಂಡಕ್ಕೆ 50 ಲಕ್ಷ ಡಾಲರ್, 2025ರ ಸೀಸನ್ನಿಗೆ 120 ಕೋಟಿ ರೂಪಾಯಿ. ಆ ಅಂಕಿ ಬರೆಯುವಾಗ ಮೇಜಿನ ಈ ಕಡೆ ಆಟಗಾರರ ಸಂಘ ಕೂತಿರುವುದಿಲ್ಲ. 2019ರಲ್ಲಿ ಹುಟ್ಟಿದ ಕ್ರಿಕೆಟಿಗರ ಸಂಘ ಮಾಜಿ ಆಟಗಾರರದ್ದು. ಬೆಂಗಳೂರು ಗೆದ್ದಾಗ ಕುಣಿದವರಲ್ಲಿ ನಾನೂ ಒಬ್ಬ, ಆದರೆ ಈ ಪ್ರಶ್ನೆ ಮನಸ್ಸಿನಿಂದ ಹೋಗುವುದಿಲ್ಲ.

ಜಾನ್ ಮ್ಯಾಕಿಯ ಕೊನೆ ಹೇಳದೆ ಮುಗಿಸಲಾರೆ. ಆಡುವಾಗ ತಲೆಗೆ ಬಿದ್ದ ಪೆಟ್ಟುಗಳೋ ಏನೋ, ಮುಪ್ಪಿನಲ್ಲಿ ಮರೆವಿನ ಕಾಯಿಲೆ ಅವನನ್ನು ಹಿಡಿಯಿತು. ಆರೈಕೆಯ ಖರ್ಚು ತೂಗಿಸಲಾಗದೆ ಹೆಂಡತಿ ಸಿಲ್ವಿಯಾ ಲೀಗಿನ ಕಮಿಷನರ್‌ಗೆ ಪತ್ರ ಬರೆದಳು. ಲೀಗು ಮತ್ತು ಸಂಘ ಕೂಡಿ 2007ರಲ್ಲಿ ಅಂಥ ಮಾಜಿ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರ್ ತನಕ ಕೊಡುವ ಯೋಜನೆ ಮಾಡಿದರು. ಅವನ ಅಂಗಿಯ ನಂಬರಿನಿಂದಲೇ ‘88 ಪ್ಲಾನ್’ ಎಂದು ಹೆಸರು. 2011ರಲ್ಲಿ ಅವನು ತೀರಿಕೊಂಡ. ಆಟದ ದಿನಗಳಲ್ಲಿ ತಾನು ಗೆದ್ದು ಕೊಟ್ಟ ಸ್ವಾತಂತ್ರ್ಯದಿಂದ ಅವನಿಗೆ ಬಂದ ಹಣ ಏನೂ ಇರಲಿಲ್ಲ.

ನನ್ನ ಕತೆಯ ಬಾಲವೂ ಇಷ್ಟೇ. ಒಂದು ದಿನ ಬೆಳಿಗ್ಗೆ ಗಲ್ಲಿ ಬಿಟ್ಟು, ಯಾರಿಗೂ ಹೇಳದೆ, ಲೋಕಲ್ ಹತ್ತಿ ದೂರದ ಉಪನಗರದ ಇನ್ನೊಂದು ಹೋಟೆಲು ಸೇರಿದೆ. ಅಲ್ಲಿಂದಲೇ ರಾತ್ರಿಶಾಲೆ ಮುಗಿಸಿದೆ, ಬ್ಯಾಂಕಿನ ಪರೀಕ್ಷೆ ಬರೆದೆ. ಗಲ್ಲಾಪೆಟ್ಟಿಗೆಯಲ್ಲಿದ್ದ ಎರಡು ತಿಂಗಳ ಸಂಬಳ ಮಾತ್ರ ಅಲ್ಲೇ ಉಳಿಯಿತು. ಮಗನಿಗೆ ಇದನ್ನು ಹೇಳಿದಾಗ ಅವನು ಟಿವಿಯ ಸದ್ದು ತಗ್ಗಿಸಿ, “ಅದು ನಿನ್ನ ಸತ್ತ ದುಡ್ಡು ಅಪ್ಪ” ಅಂದ.

ಅಲ್ಲ ಮಾರಾಯ, ಅಂದೆ. ನನ್ನ ಮಟ್ಟಿಗೆ ಅದು ಸತ್ತದ್ದಲ್ಲ. ಅಷ್ಟು ಕೊಟ್ಟದ್ದಕ್ಕೇ ಆ ಲೋಕಲ್ಲಿನ ಬಾಗಿಲಲ್ಲಿ ನಿಲ್ಲುವುದಕ್ಕೆ ನನಗೆ ಜಾಗ ಸಿಕ್ಕಿದ್ದು.